ಸಿಇಟಿ ರ‍್ಯಾಂಕ್ ಬಂತು, ಸೀಟು ಸಿಗುತ್ತಾ? ಕಲ್ಯಾಣ ಕರ್ನಾಟಕದ ಮಕ್ಕಳು ಅಂದಾಜು ಹಾಕಿಕೊಳ್ಳುವ ಬಗೆ

ಸಿಇಟಿ ಫಲಿತಾಂಶ ಬಂದ ದಿನದಿಂದ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಮನೆಗಳಲ್ಲಿ ಒಂದೇ ಮಾತು. "ಎಷ್ಟು ಬಂತೋ ತಮ್ಮಾ ರ‍್ಯಾಂಕು?" ಹುಡುಗ ಸಂಖ್ಯೆ ಹೇಳುತ್ತಾನೆ. ಎದುರಿಗಿದ್ದ ಮಾಮಾ ತಲೆಯಾಡಿಸಿ, "ಹೋದ ವರ್ಷ ನಮ್ಮ ಅಕ್ಕನ ಮಗನಿಗೆ ಇದಕ್ಕಿಂತ ಹಿಂದಿನ ರ‍್ಯಾಂಕಿಗೇ ಬೆಂಗಳೂರಾಗ ಸಿಕ್ಕಿತ್ತು" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಮಾತಿನಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ. ಯಾವ ಕೆಟಗರಿ, ಯಾವ ಬ್ರಾಂಚ್, ಎಷ್ಟನೇ ಸುತ್ತು, ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿ ಇತ್ತಾ ಇಲ್ವಾ ಅನ್ನುವುದು ಗೊತ್ತಿಲ್ಲದೆ ಎರಡು ರ‍್ಯಾಂಕ್ ಪಕ್ಕಪಕ್ಕ ಇಟ್ಟು ಪ್ರಯೋಜನವಿಲ್ಲ.

ಇಲ್ಲಿ ಹೇಳುತ್ತಿರುವುದು ಹೆಚ್ಚಾಗಿ ಎಂಜಿನಿಯರಿಂಗ್ ಸೀಟಿನ ಲೆಕ್ಕ. ಕೃಷಿ, ತೋಟಗಾರಿಕೆ, ಫಾರ್ಮಸಿಗೂ ಕ್ರಮ ಬಹುತೇಕ ಇದೇ. ಮೆಡಿಕಲ್ ಬಗ್ಗೆ ಮಧ್ಯದಲ್ಲಿ ಎರಡು ಮಾತಿದೆ.

ಮೊದಲು: ನಿಮ್ಮ ಕೈಲಿರುವ ಸಂಖ್ಯೆ ಯಾವುದು?

ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಒಂದೇ ರ‍್ಯಾಂಕ್ ಕೊಡುವುದಿಲ್ಲ. ಎಂಜಿನಿಯರಿಂಗ್‌ಗೆ ಒಂದು, ಕೃಷಿ ಬಿಎಸ್ಸಿಗೆ ಒಂದು, ಪಶುವೈದ್ಯಕೀಯಕ್ಕೆ ಒಂದು, ಫಾರ್ಮಸಿಗೆ ಇನ್ನೊಂದು. ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಓದಿದವರಿಗೆ ಇಷ್ಟೂ ಬಂದಿರುತ್ತವೆ. ಇಬ್ಬರು ಗೆಳೆಯರು ಮಾತಾಡುವಾಗ ಒಬ್ಬ ಎಂಜಿನಿಯರಿಂಗ್ ರ‍್ಯಾಂಕ್, ಇನ್ನೊಬ್ಬ ಕೃಷಿ ರ‍್ಯಾಂಕ್ ಹೇಳಿಕೊಂಡು ಒಬ್ಬರಿಗೊಬ್ಬರು ಹೊಟ್ಟೆ ಉರಿಸಿಕೊಳ್ಳುವುದು ಪ್ರತಿ ವರ್ಷದ ಕತೆ.

ಎಂಜಿನಿಯರಿಂಗ್ ರ‍್ಯಾಂಕ್ ಲೆಕ್ಕ ಸರಳ. ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಅರ್ಧ ತೂಕ, ಸಿಇಟಿಯ ಅವೇ ಮೂರು ವಿಷಯಕ್ಕೆ ಇನ್ನರ್ಧ. ಪಿಯುಸಿಯಲ್ಲಿ 300ಕ್ಕೆ 240 ಬಂದಿದ್ದರೆ 80 ಪರ್ಸೆಂಟ್, ಅದರ ಅರ್ಧ 40. ಸಿಇಟಿಯಲ್ಲಿ 180ಕ್ಕೆ 90 ಬಂದಿದ್ದರೆ 50 ಪರ್ಸೆಂಟ್, ಅದರ ಅರ್ಧ 25. ಒಟ್ಟು 65. ಈ 65 ಇಟ್ಟುಕೊಂಡು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ಬರುವುದೇ ರ‍್ಯಾಂಕ್. "ಸಿಇಟಿಯಲ್ಲಿ ನನಗೇ ಜಾಸ್ತಿ ಬಂದಿತ್ತು, ರ‍್ಯಾಂಕ್ ಮಾತ್ರ ಅವನದ್ದು ಮುಂದೆ ಹೇಗೆ?" ಅನ್ನುವ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ ಪಿಯುಸಿ ಅಂಕಪಟ್ಟಿಯಲ್ಲೇ ಇರುತ್ತದೆ.

ಹಳೆ ವರ್ಷದ ಜೊತೆ ಅಂಕ ಹೋಲಿಸಲು ಹೋಗಬೇಡಿ, ರ‍್ಯಾಂಕ್ ಮಾತ್ರ ಹೋಲಿಸಿ. 2024ರಲ್ಲಿ ಪಠ್ಯದ ಹೊರಗಿನ ಪ್ರಶ್ನೆಗಳು ಬಂದು ಗಲಾಟೆಯಾಗಿ, ಅವನ್ನು ಬಿಟ್ಟು ಮೌಲ್ಯಮಾಪನ ಮಾಡಿದರು. 2021ರಲ್ಲಿ ಕೋವಿಡ್‌ನಿಂದ ಪಿಯುಸಿ ಪರೀಕ್ಷೆಯೇ ನಡೆಯದೆ, ಬರೀ ಸಿಇಟಿ ಅಂಕದ ಮೇಲೆ ರ‍್ಯಾಂಕ್ ಕೊಟ್ಟರು. ಅಂಥ ವರ್ಷದ ಅಂಕ ನೋಡಿಕೊಂಡು ಈ ವರ್ಷ ಸೀಟು ಸಿಗುತ್ತದೋ ಇಲ್ಲವೋ ಎಂದು ಎಣಿಸಲಾಗದು.

ಎರಡನೆಯದು: ನೀವು ಯಾವ ಯಾವ ಕಾಲಂಗೆ ಸೇರುತ್ತೀರಿ?

ಇಡೀ ಅಂದಾಜು ನಿಂತಿರುವುದು ಇದರ ಮೇಲೆ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಯಾವ ಸೀಟು ಎಷ್ಟನೇ ರ‍್ಯಾಂಕ್‌ವರೆಗೆ ಹೋಯಿತು ಎನ್ನುವ ಕಟ್‌ಆಫ್ ಪಟ್ಟಿ ತೆರೆದರೆ ಕಾಲಂಗಳ ಸಾಲು ಕಾಣುತ್ತದೆ. ಜಿಎಂ ಅಂದರೆ ಸಾಮಾನ್ಯ. ಆಮೇಲೆ ಪ್ರವರ್ಗ 1, 2ಎ, 2ಬಿ, 3ಎ, 3ಬಿ, ಎಸ್‌ಸಿ, ಎಸ್‌ಟಿ. ಪ್ರತಿಯೊಂದರ ಕೆಳಗೆ ಮೂರು ಬಗೆ: ಮಾಮೂಲಿ, ಕನ್ನಡ ಮಾಧ್ಯಮ, ಗ್ರಾಮೀಣ. ಕನ್ನಡ ಮಾಧ್ಯಮಕ್ಕೆ ಕೆ ಅಕ್ಷರ, ಗ್ರಾಮೀಣಕ್ಕೆ ಆರ್ ಅಕ್ಷರ ಸೇರಿಸಿರುತ್ತಾರೆ. ಅಂದರೆ 2ಎ ಹುಡುಗಿ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ್ದರೆ ಅವಳು ನೋಡಬೇಕಾದ ಕಾಲಂ ಒಂದಲ್ಲ. 2ಎ, 2ಎ ಕನ್ನಡ, 2ಎ ಗ್ರಾಮೀಣ ಮೂರೂ ಅವಳವೇ. ರ‍್ಯಾಂಕ್ ಚೆನ್ನಾಗಿದ್ದರೆ ಜಿಎಂ ಕಾಲಂಗಳೂ ಅವಳವೇ. ಜಿಎಂ ಅಂದರೆ "ಮೀಸಲಾತಿ ಇಲ್ಲದವರಿಗೆ ಮಾತ್ರ" ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಅದು ಎಲ್ಲರಿಗೂ ತೆರೆದ ಸೀಟು.

ಗ್ರಾಮೀಣ ಕೋಟಾಕ್ಕೆ 1ರಿಂದ 10ನೇ ತರಗತಿವರೆಗೆ ಹತ್ತೂ ವರ್ಷ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಏಳನೇ ತರಗತಿವರೆಗೆ ಊರಲ್ಲಿ ಓದಿ, ಎಂಟನೇ ತರಗತಿಗೆ ಗಂಗಾವತಿಗೆ ಬಂದು ಹಾಸ್ಟೆಲ್‌ನಲ್ಲಿ ಉಳಿದ ಹುಡುಗನಿಗೆ ಅದು ಸಿಗುವುದಿಲ್ಲ. ಕನ್ನಡ ಮಾಧ್ಯಮಕ್ಕೂ ಇದೇ ಹತ್ತು ವರ್ಷದ ಲೆಕ್ಕ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೀಡಿಯಂ ಆಗಿದ್ದರೆ ಆ ಕಾಲಂ ಮರೆತುಬಿಡಿ.

ಇನ್ನು ನಮ್ಮ ಕಡೆಯ ದೊಡ್ಡ ವಿಷಯ, 371(ಜೆ). ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದದ್ದು, 2013ರಿಂದ ಜಾರಿಯಲ್ಲಿದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಆಮೇಲೆ ಬಳ್ಳಾರಿಯಿಂದ ಬೇರೆಯಾದ ವಿಜಯನಗರ, ಇಷ್ಟು ಜಿಲ್ಲೆ ಇದರಲ್ಲಿ ಬರುತ್ತವೆ. ಈ ಭಾಗದ ಕಾಲೇಜುಗಳಲ್ಲಿ ಪ್ರತಿ ಕೋರ್ಸಿನ 70 ಪರ್ಸೆಂಟ್ ಸೀಟು ಇಲ್ಲಿಯವರಿಗೆ. ರಾಜ್ಯದ ಉಳಿದ ಭಾಗದ ಕಾಲೇಜುಗಳಲ್ಲಿ 8 ಪರ್ಸೆಂಟ್. ಈ ಸೀಟುಗಳ ಕಟ್‌ಆಫ್ ಬೇರೆಯಾಗಿ ಕೊಟ್ಟಿರುತ್ತಾರೆ. ಹೈದರಾಬಾದ್-ಕರ್ನಾಟಕ ಎಂಬ ಹಳೆ ಹೆಸರಿನ ಎಚ್‌ಕೆ ಗುರುತು ಇರುವ ಪಟ್ಟಿ ಅದು. ಬಳ್ಳಾರಿಯ ಮಕ್ಕಳು ಈ ಗುರುತಿಲ್ಲದ ಪಟ್ಟಿ ತೆರೆದು, "ನಮಗೆಲ್ಲಿ ಸಿಗುತ್ತೆ ಬಿಡು" ಎಂದು ಫೋನ್ ಕೆಳಗಿಡುವುದು ಬೇಸರದ ಸಂಗತಿ. ನಿಮ್ಮ ಪಟ್ಟಿ ಇನ್ನೊಂದಿದೆ, ಅದನ್ನು ಹುಡುಕಿ.

ಇದಕ್ಕೆ ಅರ್ಹತಾ ಪ್ರಮಾಣಪತ್ರ ಬೇಕು. ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು, ಜನ ಎಸಿ ಆಫೀಸು ಅನ್ನುತ್ತಾರೆ. ಇಲ್ಲೇ ಹುಟ್ಟಿದ್ದಕ್ಕೆ ಅಥವಾ ಹತ್ತು ವರ್ಷ ಇಲ್ಲಿ ವಾಸವಿದ್ದದ್ದಕ್ಕೆ ದಾಖಲೆ ತೋರಿಸಬೇಕಾಗುತ್ತದೆ. ರಾಯಚೂರು ಜಿಲ್ಲೆಯಲ್ಲಿ ರಾಯಚೂರು, ಲಿಂಗಸುಗೂರು ಎರಡೂ ಕಡೆ ಎಸಿ ಆಫೀಸು ಇದೆ. ನಿಮ್ಮ ತಾಲ್ಲೂಕು ಯಾವುದಕ್ಕೆ ಸೇರುತ್ತದೆ ಎಂದು ಕೇಳಿಕೊಂಡೇ ಬಸ್ ಹತ್ತಿ. ಜಾತಿ, ಆದಾಯ ಪ್ರಮಾಣಪತ್ರ ತಹಶೀಲ್ದಾರರಿಂದ ಬರುತ್ತದೆ. ಅದರ ಮೇಲಿನ ಆರ್‌ಡಿ ನಂಬರ್ ಅನ್ನು ಕೆಇಎ ಆನ್‌ಲೈನ್‌ನಲ್ಲೇ ತಾಳೆ ನೋಡುತ್ತದೆ. ಹೆಸರಿನಲ್ಲಿ ಒಂದಕ್ಷರ ಆಚೀಚೆ ಇದ್ದರೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಈಗ ದಾಖಲೆ ಪರಿಶೀಲನೆ ಆದ ಮೇಲೆ ಕೆಇಎ ಕೊಡುವ ವೆರಿಫಿಕೇಷನ್ ಸ್ಲಿಪ್ ತೆಗೆದು ನೋಡಿ. ನೀವು ಅರ್ಜಿಯಲ್ಲಿ ಕೇಳಿದ್ದು ಮುಖ್ಯವಲ್ಲ, ಅದರಲ್ಲಿ ಮಂಜೂರಾದದ್ದು ಮುಖ್ಯ. 371(ಜೆ), ಗ್ರಾಮೀಣ, ಕನ್ನಡ ಮಾಧ್ಯಮ, ಕೆಟಗರಿ ಒಂದೊಂದಕ್ಕೂ ಎದುರಿಗೆ ಏನು ಬರೆದಿದೆ ನೋಡಿ. ತಪ್ಪಿದ್ದರೆ ತಿದ್ದುಪಡಿಗೆ ಕೆಇಎ ಕೊಡುವ ದಿನಗಳಲ್ಲೇ ಸರಿ ಮಾಡಿಸಿ. ಸೀಟು ಹಂಚಿಕೆ ಶುರುವಾದ ಮೇಲೆ ಯಾರ ಕಾಲು ಹಿಡಿದರೂ ಕಷ್ಟ.

ಮೂರನೆಯದು: ಹಳೆ ಕಟ್‌ಆಫ್ ಓದುವುದು

ಕೆಇಎ ವೆಬ್‌ಸೈಟ್‌ನಲ್ಲಿ ಹಿಂದಿನ ವರ್ಷಗಳ ಕಟ್‌ಆಫ್ ಸಿಗುತ್ತದೆ. ಕಟ್‌ಆಫ್ ಅಂದರೆ ಆ ಕಾಲಂನಲ್ಲಿ ಕೊನೆಯದಾಗಿ ಸೀಟು ಸಿಕ್ಕವರ ರ‍್ಯಾಂಕ್. ಮೂರು ವರ್ಷದ್ದು ತೆಗೆದುಕೊಳ್ಳಿ. ಮೊದಲ ಸುತ್ತಿನದ್ದನ್ನು ಮೊದಲ ಸುತ್ತಿನ ಜೊತೆ, ಕೊನೆಯ ಸುತ್ತಿನದ್ದನ್ನು ಕೊನೆಯದರ ಜೊತೆ ಇಡಿ. ಕಲಸುಮೇಲೋಗರ ಮಾಡಿದರೆ ಲೆಕ್ಕ ಕೆಡುತ್ತದೆ.

ಒಂದು ನೋಟ್‌ಬುಕ್ ತೆಗೆದು ಕಾಲೇಜು, ಬ್ರಾಂಚ್, ನಿಮ್ಮ ಕಾಲಂ, ಮೂರು ವರ್ಷದ ಸಂಖ್ಯೆ ಇಷ್ಟು ಬರೆಯಿರಿ. ಒಂದು ಬ್ರಾಂಚ್‌ನಲ್ಲಿ ನಿಮ್ಮ ಕಾಲಂನ ಕೊನೆಯ ರ‍್ಯಾಂಕ್ 41,000, ಮರುವರ್ಷ 46,000, ಆಮೇಲೆ 52,000 ಎಂದುಕೊಳ್ಳಿ. ಲೆಕ್ಕ ತೋರಿಸಲು ಬರೆದ ಸಂಖ್ಯೆಗಳಿವು, ಯಾವ ಕಾಲೇಜಿನವೂ ಅಲ್ಲ. ನಿಮ್ಮದು 48,000. ಹೋದ ವರ್ಷದ ಲೆಕ್ಕದಲ್ಲಿ ಸಿಗುತ್ತಿತ್ತು, ಅದರ ಹಿಂದಿನ ವರ್ಷದ್ದರಲ್ಲಿ ಸಿಗುತ್ತಿರಲಿಲ್ಲ. ವರ್ಷ ವರ್ಷ ಕಟ್‌ಆಫ್ ಹಿಂದಕ್ಕೆ ಸರಿಯುತ್ತಿರುವುದು ಒಳ್ಳೆ ಸೂಚನೆ. ಆದರೂ ಇದನ್ನು "ಆಗಬಹುದು" ಗುಂಪಿಗೆ ಹಾಕಿ, "ಖಂಡಿತ" ಗುಂಪಿಗಲ್ಲ. ಮೂರು ವರ್ಷವೂ ನಿಮ್ಮ ರ‍್ಯಾಂಕ್‌ಗಿಂತ ಬಹಳ ಹಿಂದೆ ನಿಂತಿದ್ದರೆ ಮಾತ್ರ ಖಂಡಿತ.

ಒಂದು ಕಾಲಂನಲ್ಲಿ ಎಷ್ಟು ಸೀಟು ಇರುತ್ತದೆ ಅನ್ನುವುದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಹಾಕಿ ನೋಡೋಣ. ಖಾಸಗಿ ಕಾಲೇಜಿನ ಒಂದು ಬ್ರಾಂಚ್‌ನಲ್ಲಿ 60 ಸೀಟು ಎಂದಿಟ್ಟುಕೊಳ್ಳಿ. ಸಿಇಟಿ ಪಾಲು ಸಾಮಾನ್ಯವಾಗಿ 45 ಪರ್ಸೆಂಟ್ ಆಸುಪಾಸು, ಅಂದರೆ 27. ಕಾಲೇಜು ಬಳ್ಳಾರಿಯಲ್ಲಿದ್ದರೆ ಅದರ 70 ಪರ್ಸೆಂಟ್, ಸುಮಾರು 19 ಸೀಟು ಸ್ಥಳೀಯರಿಗೆ. 2ಎ ಮೀಸಲಾತಿ 15 ಪರ್ಸೆಂಟ್, ಅಂದರೆ ಸುಮಾರು 3 ಸೀಟು. ಆ ಮೂರರಲ್ಲಿ ಗ್ರಾಮೀಣಕ್ಕೆ 15 ಪರ್ಸೆಂಟ್ ಅಂದರೆ ಅರ್ಧ ಸೀಟೂ ಆಗುವುದಿಲ್ಲ! ಒಂದು ವರ್ಷ ಆ ಕಾಲಂನಲ್ಲಿ ಒಂದು ಸೀಟು ಇರಬಹುದು, ಮರುವರ್ಷ ಇಲ್ಲದೇ ಇರಬಹುದು. ಆ ಕಾಲಂನ ಕಟ್‌ಆಫ್ ಅಂದರೆ ಒಬ್ಬನೇ ಹುಡುಗನ ರ‍್ಯಾಂಕ್. ಅವನು ಆ ವರ್ಷ ಬೇರೆ ಕಾಲೇಜಿಗೆ ಹೋಗಿದ್ದರೆ ಸಂಖ್ಯೆಯೇ ಬೇರೆ ಆಗುತ್ತಿತ್ತು.

ಅದೇ 60 ಸೀಟಿನ ಬ್ರಾಂಚ್ ಬೆಂಗಳೂರಲ್ಲಿದ್ದರೆ 27ರಲ್ಲಿ 8 ಪರ್ಸೆಂಟ್. ಹೆಚ್ಚೆಂದರೆ ಎರಡು ಸೀಟು, ಅದೂ ಎಲ್ಲ ಕೆಟಗರಿ ಸೇರಿ. ಹಾಗಾಗಿ ಬೆಂಗಳೂರಿನ ಕಾಲೇಜಿನ ಎಚ್‌ಕೆ ಕಟ್‌ಆಫ್ ನೋಡುವಾಗ ಅದನ್ನು ಕಲ್ಲಿನ ಮೇಲಿನ ಬರಹ ಎಂದುಕೊಳ್ಳಬೇಡಿ. ಜಾಸ್ತಿ ಸೀಟಿರುವ ಬ್ರಾಂಚ್, ಜಾಸ್ತಿ ಸೀಟಿರುವ ಕಾಲಂ, ಇವುಗಳ ಹಳೆ ಕಟ್‌ಆಫನ್ನು ಮಾತ್ರ ಅಷ್ಟಿಷ್ಟು ನಂಬಬಹುದು. ಕಾಲಂನಲ್ಲಿ ಏನೂ ಬರೆಯದೆ ಗೆರೆ ಹಾಕಿದ್ದರೆ ಸೀಟು ಇರಲಿಲ್ಲ, ಇಲ್ಲವೇ ಯಾರಿಗೂ ಹಂಚಿಕೆ ಆಗಲಿಲ್ಲ ಎಂದರ್ಥ. "ಯಾರೂ ಬರಲಿಲ್ಲ, ನನಗೆ ಸುಲಭ" ಎಂದು ಓದಬೇಡಿ.

ಇನ್ನೊಂದು ಗೊಂದಲ ಹೊಸ ಬ್ರಾಂಚ್‌ಗಳದ್ದು. ಎಐ, ಡೇಟಾ ಸೈನ್ಸ್ ಹೆಸರಿನಲ್ಲಿ ಈಚೆಗೆ ಸೇರಿದ ಸೀಟುಗಳಿಗೆ ಇತಿಹಾಸವೇ ಕಡಿಮೆ. ಅದೇ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಕಟ್‌ಆಫ್‌ಗಿಂತ ಸ್ವಲ್ಪ ಹಿಂದೆ ನಿಲ್ಲಬಹುದು ಎಂದು ಊಹಿಸಿ ಮುಂದೆ ಹೋಗಿ. ಯಾವ ಕಾಲೇಜಿನಲ್ಲಿ ಎಷ್ಟು ಸೀಟು ಎಂದು ತೋರಿಸುವ ಆ ವರ್ಷದ ಪಟ್ಟಿ, ಅಂದರೆ ಸೀಟ್ ಮ್ಯಾಟ್ರಿಕ್ಸ್ ಬಂದ ಕೂಡಲೇ ಸಂಖ್ಯೆ ಮರುನೋಡಿ.

ಮೆಡಿಕಲ್‌ಗೆ ಸಿಇಟಿ ರ‍್ಯಾಂಕ್ ಅಲ್ಲ, ನೀಟ್. ಸರ್ಕಾರಿ ಮೆಡಿಕಲ್ ಕಾಲೇಜುಗಳ 15 ಪರ್ಸೆಂಟ್ ಸೀಟು ಅಖಿಲ ಭಾರತ ಕೋಟಾಕ್ಕೆ, ಉಳಿದದ್ದು ಕೆಇಎ ಮೂಲಕ. ಬಳ್ಳಾರಿಯ ವಿಮ್ಸ್ ಎಂದೇ ಜನ ಕರೆಯುವ ಕಾಲೇಜು, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಇವುಗಳ ರಾಜ್ಯದ ಪಾಲಿನಲ್ಲಿ 371(ಜೆ) ಲೆಕ್ಕ ಬರುತ್ತದೆ. ಕೃಷಿ ಬಯಸುವವರಿಗೆ ರಾಯಚೂರು ಕೃಷಿ ವಿಶ್ವವಿದ್ಯಾಲಯ, ತೋಟಗಾರಿಕೆಗೆ ಮುನಿರಾಬಾದ್ ಕಾಲೇಜು ಹತ್ತಿರದವು. ರೈತರ ಮಕ್ಕಳ ಕೋಟಾ ಇದ್ದರೆ ಅದರ ಕಟ್‌ಆಫ್ ಬೇರೆ ನೋಡಿ.

ಗೆಳೆಯರ ಜೊತೆ ಹೋಲಿಸುವುದಾದರೆ

ಹೋಲಿಸಬೇಡಿ ಎಂದರೆ ಯಾರೂ ಕೇಳುವುದಿಲ್ಲ. ಹೋಲಿಸಿ, ಆದರೆ ನಿಮ್ಮ ಕಾಲಂನವರ ಜೊತೆ ಮಾತ್ರ. ಒಂದೇ ಟ್ಯೂಷನ್‌ನ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬಳದ್ದು 38,000, ಸಾಮಾನ್ಯ ವರ್ಗ, ತಂದೆಯ ವರ್ಗಾವಣೆಯಿಂದ ಈಚೆಗೆ ಬಳ್ಳಾರಿಗೆ ಬಂದವಳು, 371(ಜೆ) ಇಲ್ಲ. ಇನ್ನೊಬ್ಬನದ್ದು 52,000, ಸಿರುಗುಪ್ಪ ತಾಲ್ಲೂಕಿನ ಹಳ್ಳಿಯವನು, 2ಎ, ಕನ್ನಡ ಮಾಧ್ಯಮ, 371(ಜೆ) ಇದೆ. ಬಳ್ಳಾರಿಯ ಕಾಲೇಜಿನಲ್ಲಿ ಅವನಿಗೆ ಸಿಕ್ಕ ಬ್ರಾಂಚ್ ಅವಳಿಗೆ ಸಿಗದೇ ಇರಬಹುದು. ಇದರಲ್ಲಿ ಅನ್ಯಾಯವೂ ಇಲ್ಲ, ಅದೃಷ್ಟವೂ ಇಲ್ಲ. ಅವನಿಗೆ ಸಿಕ್ಕ ಮೀಸಲು ಸೀಟಿಗೆ ಅವಳು ನಿಂತೇ ಇರಲಿಲ್ಲ.

ನಿಮ್ಮ ನಿಜವಾದ ಪೈಪೋಟಿ ನಿಮಗೆ ಕಾಣದ ಜನರ ಜೊತೆ. ಯಾದಗಿರಿಯಲ್ಲೋ ಬೀದರ್‌ನಲ್ಲೋ ಕೂತು ನಿಮ್ಮದೇ ಕಾಲಂನಲ್ಲಿ, ನಿಮಗಿಂತ ಸ್ವಲ್ಪ ಮುಂದಿನ ರ‍್ಯಾಂಕ್ ಇಟ್ಟುಕೊಂಡವರು ಅವರು. ಅವರು ಯಾವ ಕಾಲೇಜು ಕೇಳುತ್ತಾರೋ ನಿಮಗೆ ಗೊತ್ತಾಗುವುದಿಲ್ಲ. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ದಿನವಿಡೀ ರ‍್ಯಾಂಕ್ ಹಂಚಿಕೊಂಡರೂ ಅದು ತಿಳಿಯದು.

ಆಪ್ಷನ್ ಎಂಟ್ರಿ: ಆಸೆಯ ಕ್ರಮದಲ್ಲಿ ಹಾಕಿ

ನಿಮಗೆ ಬೇಕಾದ ಕಾಲೇಜು, ಬ್ರಾಂಚ್‌ಗಳನ್ನು ಆನ್‌ಲೈನ್‌ನಲ್ಲಿ ಒಂದರ ಕೆಳಗೊಂದು ಹಾಕುವುದೇ ಆಪ್ಷನ್ ಎಂಟ್ರಿ. ಹಂಚಿಕೆ ನಡೆಯುವ ರೀತಿ ಹೀಗೆ. ಕಂಪ್ಯೂಟರ್ ಮೊದಲ ರ‍್ಯಾಂಕ್‌ನಿಂದ ಶುರುಮಾಡುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ, ನಿಮಗೆ ಸಲ್ಲುವ ಸೀಟು ಖಾಲಿ ಇರುವ ಮೊದಲ ಆಪ್ಷನ್ ಕೊಡುತ್ತದೆ. ಮೇಲಿನ ಹತ್ತು ಆಪ್ಷನ್ ಸಿಗದಿದ್ದರೂ ಹನ್ನೊಂದನೆಯದರಲ್ಲಿ ನಿಮ್ಮ ಹಕ್ಕು ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಹಾಗಾಗಿ "ದೊಡ್ಡ ಕಾಲೇಜು ಮೊದಲು ಹಾಕಿದರೆ ಸಣ್ಣದೂ ಕೈತಪ್ಪುತ್ತೆ" ಅನ್ನುವ ಮಾತು ತಪ್ಪು. ಸಿಗುವ ಸಾಧ್ಯತೆ ನೋಡಿ ಕ್ರಮ ಮಾಡಬೇಡಿ. ನಿಮಗೆ ಯಾವುದು ಹೆಚ್ಚು ಬೇಕೋ ಅದು ಮೇಲೆ. ನೋಟ್‌ಬುಕ್‌ನ ಅಂದಾಜು ಇರುವುದು ಕೆಳಗಿನ ಭಾಗಕ್ಕೆ. "ಖಂಡಿತ" ಗುಂಪಿನವು ಸಾಕಷ್ಟು ಸಂಖ್ಯೆಯಲ್ಲಿ ಪಟ್ಟಿಯ ಕೊನೆಯಲ್ಲಿ ಇವೆಯಾ ಎಂದು ನೋಡಿಕೊಳ್ಳಲು. ಸಿಕ್ಕರೆ ನಿಜಕ್ಕೂ ಸೇರುವುದಿಲ್ಲ ಎನ್ನುವ ಕಾಲೇಜನ್ನು ಸುಮ್ನೆ ಸಂಖ್ಯೆ ತುಂಬಿಸಲು ಹಾಕಬೇಡಿ.

ಮನೆಯವರ ಜೊತೆ ಕೂತು ಮಾತಾಡಬೇಕಾದದ್ದೂ ಈಗಲೇ. ಹೆಣ್ಣುಮಕ್ಕಳನ್ನು ದೂರ ಕಳಿಸುವುದಿಲ್ಲ ಎಂದು ಸೀಟು ಬಂದ ಮೇಲೆ ಹೇಳುವ ಅಪ್ಪಂದಿರಿದ್ದಾರೆ. ಹಾಸ್ಟೆಲ್ ಖರ್ಚು, ಊರಿಂದ ಬಸ್ಸೋ ರೈಲೋ, ಎಲ್ಲ ಮೊದಲೇ ತೀರ್ಮಾನವಾಗಲಿ. ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ದರೆ ಎಸ್‌ಎನ್‌ಕ್ಯೂ (ಹೆಚ್ಚುವರಿ ಸಂಖ್ಯೆಯ ಕೋಟಾ) ಸೀಟಿಗೂ ಬೇಡಿಕೆ ಇಡಿ, ಬೋಧನಾ ಶುಲ್ಕದ ರಿಯಾಯಿತಿ ಸಿಗುತ್ತದೆ. ಅಂಥ ಸೀಟು ಕಡಿಮೆ, ಅದರ ಕಟ್‌ಆಫ್ ಬಿಗಿ.

ಅಣಕು ಹಂಚಿಕೆ ಬಂದಾಗ

ನಿಜವಾದ ಹಂಚಿಕೆಗೆ ಮೊದಲು ಕೆಇಎ ತೋರಿಸುವ ಪ್ರಾಯೋಗಿಕ ಫಲಿತಾಂಶವೇ ಅಣಕು ಹಂಚಿಕೆ. ಅದರಲ್ಲಿ ಬಂದ ಸೀಟು ಸೀಟಲ್ಲ. ಪೇಡೆ ಹಂಚಬೇಡಿ, ಅಳಲೂ ಬೇಡಿ. ಎಷ್ಟೋ ಮಕ್ಕಳು ಆಗ ಇನ್ನೂ ಪೂರ್ತಿ ಆಪ್ಷನ್ ಹಾಕಿರುವುದಿಲ್ಲ, ಆಮೇಲೆ ಬದಲಾಯಿಸುತ್ತಾರೆ. ಅದರ ಉಪಯೋಗ ಒಂದೇ. ಪಟ್ಟಿಯಲ್ಲಿ ನಿಮಗೆ ಏನೂ ಬರದಿದ್ದರೆ ಕೆಳಗೆ ಇನ್ನಷ್ಟು ಕಾಲೇಜು ಸೇರಿಸಬೇಕು ಎಂದರ್ಥ. ಯಾವ ಕೆಟಗರಿಯಲ್ಲಿ ಬಂತು ಎನ್ನುವುದನ್ನೂ ನೋಡಿ. 371(ಜೆ) ಇದ್ದೂ ಎಚ್‌ಕೆ ಗುರುತು ಎಲ್ಲೂ ಕಾಣದಿದ್ದರೆ ವೆರಿಫಿಕೇಷನ್ ಸ್ಲಿಪ್ ಮತ್ತೆ ತೆಗೆಯಿರಿ.

ಮೊದಲ ಸುತ್ತು ಮತ್ತು ನಾಲ್ಕು ಚಾಯ್ಸ್

ಸೀಟು ಬಂದ ಮೇಲೆ ನಾಲ್ಕರಲ್ಲಿ ಒಂದು ಆರಿಸಬೇಕು. ಚಾಯ್ಸ್ 1: ಇದೇ ಸಾಕು, ಶುಲ್ಕ ಕಟ್ಟಿ ಕಾಲೇಜಿಗೆ ಹೋಗುತ್ತೇನೆ. ಚಾಯ್ಸ್ 2: ಇದು ಇರಲಿ, ಆದರೆ ಮೇಲಿನ ಆಪ್ಷನ್ ಸಿಕ್ಕರೆ ಅದು ಬೇಕು. ಚಾಯ್ಸ್ 3: ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ಚಾಯ್ಸ್ 4: ನನಗೆ ಸಿಇಟಿ ಸೀಟೇ ಬೇಡ. ಶುಲ್ಕ, ಠೇವಣಿ, ದಂಡದ ನಿಯಮ ವರ್ಷಕ್ಕೊಂದು ಬಗೆ ಬದಲಾಗುತ್ತವೆ. ಆ ವರ್ಷದ ಕೆಇಎ ಸೂಚನೆ ಓದದೆ ಹೋದ ವರ್ಷದ ಅಣ್ಣನನ್ನು ಕೇಳಬೇಡಿ.

ತಲೆಕೆಡುವುದು 2 ಮತ್ತು 3ರ ನಡುವೆ. ನನ್ನ ಸಲಹೆ ನೇರ: ಸಿಕ್ಕ ಸೀಟಿಗೆ ಕೊನೆಗೆ ಸೇರಲು ಒಪ್ಪುತ್ತೀರಾದರೆ 3 ಮುಟ್ಟಬೇಡಿ. ಚಾಯ್ಸ್ 2ರಲ್ಲಿ ಮೇಲಿನದು ಸಿಗದಿದ್ದರೆ ಇದು ಉಳಿಯುತ್ತದೆ. 3ರಲ್ಲಿ ಉಳಿಯುವುದಿಲ್ಲ, ಮುಂದಿನ ಸುತ್ತಿನ ಹಂಚಿಕೆಗೆ ಹೋಗುತ್ತದೆ.

ಚಾಯ್ಸ್ 2ರಲ್ಲೂ ಒಂದು ಮುಳ್ಳಿದೆ. ಮುಂದಿನ ಸುತ್ತಿನಲ್ಲಿ ಮೇಲಿನ ಆಪ್ಷನ್ ಸಿಕ್ಕರೆ ಹಳೆಯದು ತಾನಾಗಿ ರದ್ದು. "ಅಯ್ಯೋ, ಹಳೆಯದೇ ಚೆನ್ನಾಗಿತ್ತು" ಅಂದರೆ ಆಗದು. ಆದ್ದರಿಂದ 2 ಒತ್ತಿದ ಮೇಲೆ ಮೇಲಿನ ಆಪ್ಷನ್‌ಗಳನ್ನು ಒಂದೊಂದಾಗಿ ಓದಿ. ಈಗ ಕೈಲಿರುವುದಕ್ಕಿಂತ ನಿಜವಾಗಿ ಬೇಕಾದವು ಮಾತ್ರ ಉಳಿಯಲಿ, ಉಳಿದದ್ದನ್ನು ಬದಲಾವಣೆಗೆ ಅವಕಾಶ ಕೊಟ್ಟಾಗ ತೆಗೆದುಹಾಕಿ.

ಎರಡನೇ ಸುತ್ತಿನಲ್ಲಿ ಸೀಟು ಎಲ್ಲಿಂದ ಬರುತ್ತದೆ? ಮೆಡಿಕಲ್ ಸಿಕ್ಕವರು, ಐಐಟಿ, ಎನ್‌ಐಟಿಗೆ ಹೊರಟವರು, ಖಾಸಗಿ ಕಾಲೇಜುಗಳ ಪರೀಕ್ಷೆಯಾದ ಕಾಮೆಡ್‌ಕೆಯಲ್ಲಿ ಸೇರಿದವರು ಬಿಟ್ಟುಹೋದ ಜಾಗ ಅವು. ಮೇಲಿನ ಕಾಲೇಜಿನಲ್ಲಿ ಒಬ್ಬ ಬಿಟ್ಟರೆ ಕೆಳಗೆ ನಾಲ್ಕಾರು ಮಂದಿ ಒಂದೊಂದು ಮೆಟ್ಟಿಲು ಮೇಲೆ ಸರಿಯುತ್ತಾರೆ. ಅದಕ್ಕೇ ಕಟ್‌ಆಫ್ ಹೆಚ್ಚಾಗಿ ಹಿಂದಕ್ಕೆ ಹೋಗುತ್ತದೆ. ಎಷ್ಟು ಹೋಗಬಹುದು ಎಂಬುದಕ್ಕೆ ಹೋದ ವರ್ಷದ ಎರಡು ಸುತ್ತಿನ ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡುವುದೊಂದೇ ದಾರಿ.

ಕಾಯುವಾಗ ಮಾಡುವ ಕೆಲಸ

ಸೀಟು ಹಂಚಿಕೆ ತಡವಾಗುವುದಕ್ಕೆ ಕಾರಣಗಳಿವೆ. ನೀಟ್ ಫಲಿತಾಂಶ, ಕಾಲೇಜುಗಳ ಮಾನ್ಯತೆ, ಸರ್ಕಾರ ಮತ್ತು ಖಾಸಗಿ ಕಾಲೇಜುಗಳ ಶುಲ್ಕದ ಒಪ್ಪಂದ, ಇವೆಲ್ಲ ಮುಗಿದು ಸೀಟ್ ಮ್ಯಾಟ್ರಿಕ್ಸ್ ಬರಬೇಕು. ದಿನಕ್ಕೆ ಇಪ್ಪತ್ತು ಸಲ ವೆಬ್‌ಸೈಟ್ ರಿಫ್ರೆಶ್ ಮಾಡಿದರೆ ಅದು ಬೇಗ ಬರುವುದಿಲ್ಲ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿದರೆ ಸಾಕು.

ಹಣ ಮೊದಲೇ ಹೊಂದಿಸಿ. ಸೀಟು ಬಂದ ಮೇಲೆ ಶುಲ್ಕ ಕಟ್ಟಲು ಕೊಡುವ ಸಮಯ ಕೆಲವೇ ದಿನ. ಹತ್ತಿ ಮಾರಿದ ದುಡ್ಡು ಆಗಲೇ ಖರ್ಚಾಗಿ, ಭತ್ತ ಇನ್ನೂ ನಾಟಿಯಾಗದ ಕಾಲ ಅದು. ಸಾಲ ಬೇಕಿದ್ದರೆ ಬ್ಯಾಂಕಿನಲ್ಲಿ ಈಗಲೇ ಮಾತಾಡಿ. ಅಲ್ಪಸಂಖ್ಯಾತ ಮಕ್ಕಳು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಶಿಕ್ಷಣ ಸಾಲದ ಬಗ್ಗೆ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ಹಿಂದೆ ಸರಿಯಲು ಒಂದು ಜಾಗವೂ ಇರಲಿ. ಊರ ಹತ್ತಿರದ ಬಿಎಸ್ಸಿಗೆ ಪದವಿ ಪ್ರವೇಶದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿಡಿ. ಆದರೆ ಮೂಲ ದಾಖಲೆ ಕೊಡುವ ಮುನ್ನ, ಸಿಇಟಿ ಸೀಟು ಬಂದರೆ ಎಷ್ಟು ದಿನದಲ್ಲಿ ವಾಪಸ್ ಕೊಡುತ್ತೀರಿ ಎಂದು ಕೇಳಿ. ವರ್ಗಾವಣೆ ಪತ್ರ ಅಲ್ಲಿ ಸಿಕ್ಕಿಕೊಂಡರೆ ಇಲ್ಲಿ ಕಷ್ಟ.

ಲಾಗಿನ್, ಪಾಸ್‌ವರ್ಡ್, ಒಟಿಪಿ ಯಾರಿಗೂ ಕೊಡಬೇಡಿ. ನೆಟ್ ಸೆಂಟರ್‌ನಲ್ಲಿ ಆಪ್ಷನ್ ಹಾಕಿಸಿದರೆ ಪಕ್ಕದಲ್ಲೇ ಕೂತಿರಿ, ಮುಗಿದ ಮೇಲೆ ಪ್ರಿಂಟ್ ತೆಗೆದುಕೊಂಡು ಪಾಸ್‌ವರ್ಡ್ ಬದಲಿಸಿ. 2024ರಲ್ಲಿ ವಿದ್ಯಾರ್ಥಿಗಳ ಲಾಗಿನ್ ಬಳಸಿ ಎಂಜಿನಿಯರಿಂಗ್ ಸೀಟು ಬ್ಲಾಕ್ ಮಾಡಿದ (ಸೇರುವ ಉದ್ದೇಶವಿಲ್ಲದೆ ಸೀಟು ಹಿಡಿದಿಟ್ಟ) ಪ್ರಕರಣ ಬೆಂಗಳೂರಿನಲ್ಲಿ ಪೊಲೀಸರ ತನಕ ಹೋಯಿತು. "ನಿಮ್ಮ ರ‍್ಯಾಂಕಿಗೆ ಸೀಟು ಮಾಡಿಸಿಕೊಡ್ತೀವಿ" ಎಂದು ಫೋನ್ ಮಾಡುವವರಿಗೆ ನಿಮ್ಮ ನಂಬರ್ ಎಲ್ಲಿ ಸಿಕ್ಕಿತು ಎಂದು ಒಮ್ಮೆ ಕೇಳಿ ನೋಡಿ.

ಕಾಲೇಜಿಗೆ ಹೋಗುವ ದಿನ

ಶುಲ್ಕ ಕಟ್ಟಿ ಪ್ರವೇಶ ಆದೇಶ ಇಳಿಸಿಕೊಂಡರೆ ಕೆಲಸ ಮುಗಿಯಲಿಲ್ಲ. ಕೊನೆಯ ದಿನದೊಳಗೆ ಕಾಲೇಜಿಗೆ ಹಾಜರಾಗದಿದ್ದರೆ ಸೀಟು ಹೋಗುತ್ತದೆ. ಬೆಂಗಳೂರಿನ ಕಾಲೇಜಾದರೆ ಹಿಂದಿನ ರಾತ್ರಿಯ ರೈಲು ನಂಬಿಕೊಂಡು ಕೊನೆಯ ದಿನವೇ ಹೋಗಬೇಡಿ. ಪ್ರವೇಶ ಆದೇಶ, ಹತ್ತನೇ ತರಗತಿ ಮತ್ತು ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ವ್ಯಾಸಂಗ ಪ್ರಮಾಣಪತ್ರ, ಜಾತಿ-ಆದಾಯ, 371(ಜೆ) ಪ್ರಮಾಣಪತ್ರ, ಫೋಟೋ, ಎಲ್ಲದರ ಮೂರ್ನಾಲ್ಕು ಝೆರಾಕ್ಸ್ ಸೆಟ್ ಕೈಲಿರಲಿ. ಕೊಟ್ಟ ಪ್ರತಿ ಮೂಲ ದಾಖಲೆಗೆ ಸ್ವೀಕೃತಿ ಬರೆಸಿಕೊಳ್ಳಿ. ಕೆಇಎಗೆ ಕಟ್ಟಿದ್ದಲ್ಲದೆ ಕಾಲೇಜಿನವರು ಬೇರೆ ಹೆಸರಲ್ಲಿ ಹಣ ಕೇಳಿದರೆ ಅದು ಯಾವುದಕ್ಕೆ ಎಂದು ರಸೀದಿಯಲ್ಲೇ ಬರೆದುಕೊಡಲು ಹೇಳಿ. ರಸೀದಿ ಇಲ್ಲ ಎಂದರೆ ಹಣವನ್ನೂ ಕೊಡಬೇಡಿ.